ಮರುಭೂಮಿ ಮಣ್ಣಿನ ಜೀವಿಗಳು: ಎಷ್ಟು ಆಳಕ್ಕೆ ಅಗೆಯಬೇಕು?

ಪ್ರಶ್ನೆ: ಒಣಭೂಮಿಯ ಮಣ್ಣಿನ ಸಣ್ಣ ಜೀವಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೇಲಿನ 10 ಸೆಂ.ಮೀ. ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಧ್ಯಾಹ್ನ ತೆಗೆದ ಮಣ್ಣಿನಲ್ಲಿ ಮೈಟ್‌ಗಳು (ಜೇಡದ ಬಳಗದ ಅತಿ ಸಣ್ಣ ಜೀವಿಗಳು) ತೀರಾ ಕಡಿಮೆ. ಅವು ಕೆಳಗೆ ಇಳಿದಿರುತ್ತವಾ?

ಉತ್ತರ 1: ಇಳಿದಿರುತ್ತವೆ. ಬೆಳಗಿನ ಜಾವ ತರಗೆಲೆಯಲ್ಲಿ ಓಡಾಡುವ ಮೈಟ್‌ಗಳು ಬಿಸಿಲೇರಿದಂತೆ ಮಣ್ಣೊಳಗೆ ಹೋಗುತ್ತವೆ. ಅದೇ ಜಾಗದಲ್ಲಿ ಸೂರ್ಯ ಹುಟ್ಟುವ ಮೊದಲು ಮತ್ತೆ ತೆಗೆದು ನೋಡಿ.

ಉತ್ತರ 2: ನಾನು ಈ ಕೆಲಸದಲ್ಲೇ ಇರುವವನು, ಸ್ವಲ್ಪ ಉದ್ದ ಬರೆಯುತ್ತೇನೆ. ಮರುಭೂಮಿಯಲ್ಲಿ ಎಷ್ಟು ಸೆಂಟಿಮೀಟರ್ ಅನ್ನುವುದಕ್ಕಿಂತ ಬೇರು ಎಲ್ಲಿದೆ ಅಂತ ಮೊದಲು ಕೇಳಬೇಕು. ಬೇರು ಇದ್ದಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ. ಅವುಗಳ ಹಿಂದೆಯೇ ನೆಮಟೋಡ್ (ದಾರದಂಥ ಸೂಕ್ಷ್ಮ ಹುಳು), ಮೈಟ್. ಉತ್ತರ ಅಮೆರಿಕದ ಚಿವಾವಾ ಮರುಭೂಮಿಯಲ್ಲಿ ಮೆಸ್ಕೀಟ್ ಅನ್ನುವ, ಆಳಕ್ಕೆ ಬೇರು ಬಿಡುವ ಮುಳ್ಳುಗಿಡದ ಬೇರಿನ ಜೊತೆ 10 ಮೀಟರಿಗೂ ಕೆಳಗೆ ಇವು ಸಿಕ್ಕಿವೆ. 1989ರಲ್ಲಿ ಆ ವರದಿಗಳು ಬಂದವು. ಇಷ್ಟು ವರ್ಷವಾದರೂ ನಾವು ಮೇಲಿನ ಮಣ್ಣನ್ನೇ ಕೆರೆದು ಮುಗಿಸುತ್ತೇವಲ್ಲ, ನನಗೆ ಅದೇ ಬೇಸರ.

ಇನ್ನೊಂದು ವಿಷಯ. ಗಿಡ ಬಾಡಿಹೋಗುವಷ್ಟು ಒಣಗಿದ ಮಣ್ಣಲ್ಲೂ, ಕಣಗಳ ಸಂದಿನ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 99% ಇರುತ್ತದೆ. ಮೈಟ್‌ಗೆ ಆ ಗಾಳಿ ಸಾಕು. ನೆಮಟೋಡ್‌ಗೆ ಸಾಲದು, ಅದು ತೆವಳಬೇಕಾದರೆ ಕಣದ ಸುತ್ತ ನೀರಿನ ತೆಳು ಪದರ ಇರಲೇಬೇಕು. ಹಾಗಾಗಿ ಮೈಟ್ ಜಾಗ ಬದಲಿಸುತ್ತದೆ. ಮರುಭೂಮಿಯ ಎಷ್ಟೋ ನೆಮಟೋಡ್‌ಗಳು ಇದ್ದಲ್ಲೇ ಸುರುಳಿ ಸುತ್ತಿಕೊಂಡು, ಮೈಯ ನೀರು ಬಿಟ್ಟು, ಮಳೆ ಬರುವ ತನಕ ಹಾಗೇ ಬಿದ್ದಿರುತ್ತವೆ. ಮೈಕ್ರೋಸ್ಕೋಪಿನ ಕೆಳಗೆ ಪುಟ್ಟ ಸ್ಪ್ರಿಂಗ್ ಥರ ಕಾಣುತ್ತವೆ.

ಪ್ರಶ್ನೆ ಕೇಳಿದವರು: ಹಾಗಾದರೆ ಬೇರ್ಮನ್ ಫನಲ್‌ನಲ್ಲಿ (ಮಣ್ಣನ್ನು ನೀರಿನ ಆಲಿಕೆಯಲ್ಲಿಟ್ಟು, ಕೆಳಗಿಳಿದು ಬರುವ ನೆಮಟೋಡ್‌ಗಳನ್ನು ಹಿಡಿಯುವ ವಿಧಾನ) ಸಿಗುವ ಲೆಕ್ಕ ನಂಬಬಹುದಾ?

ಉತ್ತರ 2: ಎಷ್ಟಿವೆ ಅನ್ನುವುದಕ್ಕೆ ಒಂದು ಮಟ್ಟಿಗೆ ಸರಿ. ಎಷ್ಟು ಚಟುವಟಿಕೆಯಿಂದಿದ್ದವು ಅನ್ನುವುದಕ್ಕೆ ಬೇಡ. ಫನಲ್‌ನಲ್ಲಿ ನೀರು ತಾಗಿದ ಮೇಲೆ ಮಲಗಿದ್ದವೂ ಎದ್ದು ಕೆಳಗೆ ಬರುತ್ತವೆ, ಅಲ್ವಾ? ಒಣ ಮೇಲ್ಪದರದಲ್ಲಿ ಭಾರೀ ಓಡಾಟ ಇತ್ತು ಅಂತ ಅನಿಸಿಬಿಡುತ್ತದೆ. ಅದರ ಬದಲು, ಅವು ನೀರು ಹೀರಿ ಎದ್ದೇಳದಂತೆ ಗಾಢ ಸಕ್ಕರೆ ದ್ರಾವಣದಲ್ಲಿ ತೇಲಿಸಿ ತೆಗೆದು, ಸುರುಳಿ ಸುತ್ತಿದವನ್ನು ಬೇರೆಯಾಗಿ ಎಣಿಸಿ.

ಉತ್ತರ 3: ಗೆದ್ದಲು, ಇರುವೆಗಳನ್ನು ಕೊಳವೆ ಇಳಿಸಿ ತೆಗೆದ ಮಣ್ಣಿನ ಮಾದರಿಯಲ್ಲಿ ಎಣಿಸಲು ಹೋಗಬೇಡಿ. ಅವು ಗುಂಪಾಗಿ ಒಂದೇ ಕಡೆ ಇರುತ್ತವೆ. ಗೂಡು ತಪ್ಪಿದರೆ ಸೊನ್ನೆ, ತಾಗಿದರೆ ರಾಶಿ.

ಉತ್ತರ 2: ಇದು ಸರಿಯಾದ ಮಾತು. ಮತ್ತೆ, ಒಣ ಮರಳು ಕೊರೆದ ಗುಂಡಿಯೊಳಗೆ ಜಾರಿ ಬೀಳುತ್ತದೆ, ಮೇಲಿನ ಜೀವಿಗಳು ಕೆಳಗಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಪೈಪ್ ಇಳಿಸಿಕೊಂಡು ಅದರೊಳಗಿಂದಲೇ ತೆಗೆಯಿರಿ. ಗಿಡದ ಬುಡದಲ್ಲೊಂದು, ಬಯಲಲ್ಲೊಂದು ಮಾದರಿ ಇರಲಿ.