ವಿಕಿ ತಂತ್ರಾಂಶದ ‘ಎಡಿಟ್’ ಮತ್ತು ‘ಟಿಡ್ಲರ್’: ಇಂದೇ ಕನ್ನಡ ಪದ ಬೇಕಾಗಿದೆ

ಗೆಳೆಯರೇ,

ನಮ್ಮ ಕೂಟದ ಪದಕೋಶವನ್ನು ಎಲ್ಲರೂ ಸೇರಿ ಬರೆಯಲು ವಿಕಿಪೀಡಿಯದ ಹಿಂದಿರುವ ತಂತ್ರಾಂಶವಾದ ಮೀಡಿಯಾವಿಕಿಯನ್ನೂ, ಸದಸ್ಯರ ಖಾಸಗಿ ಟಿಪ್ಪಣಿಗಳಿಗೆ ಟಿಡ್ಲಿವಿಕಿಯನ್ನೂ ಬಳಸುತ್ತಿದ್ದೇವೆ. ಎರಡರಲ್ಲಿಯೂ ಒಂದೇ ಪರಿಭಾಷೆ ಇರಲಿ ಎಂಬುದು ನಮ್ಮ ಆಸೆ. ಗುಂಡಿಗಳ ಅನುವಾದ ಇಂದು ರಾತ್ರಿಯೊಳಗೆ ಮುಗಿಯಬೇಕಾಗಿದ್ದು, ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಪೆನ್ಸಿಲ್ ಚಿತ್ರವಿರುವ ‘ಎಡಿಟ್’ ಗುಂಡಿಗೆ ಕನ್ನಡ ವಿಕಿಪೀಡಿಯದ ‘ಸಂಪಾದಿಸಿ’ಯನ್ನೇ ಇಡೋಣವೆಂದರೆ, ನಮ್ಮಲ್ಲಿ ಕೆಲವರು ‘ತಿದ್ದಿ’ ಸಾಕು ಎನ್ನುತ್ತಾರೆ. ಇನ್ನೊಂದು ‘ಟಿಡ್ಲರ್’. ಟಿಡ್ಲಿವಿಕಿಯಲ್ಲಿ ಪುಟಗಳಿಲ್ಲ, ಒಂದೇ ಎಚ್‌ಟಿಎಂಎಲ್ ಕಡತದೊಳಗೆ ತಮ್ಮ ತಮ್ಮ ತಲೆಬರಹ ಹೊತ್ತ ಪುಟ್ಟ ಬರಹಗಳಿರುತ್ತವೆ, ಒಂದೊಂದಕ್ಕೂ ಆ ಹೆಸರು. ‘ಚುಟುಕು’ ಎನ್ನೋಣವೆಂದರೆ ವಿಕಿಪೀಡಿಯದಲ್ಲಿ ಅದು ಅರೆಬರೆ ಲೇಖನಕ್ಕೆ ಸಲ್ಲುತ್ತದೆ, ಹೊರಗೆ ದಿನಕರ ದೇಸಾಯಿಯವರ ಚೌಪದಿಗಳನ್ನು ನೆನಪಿಸುತ್ತದೆ. ‘ಚೀಟಿ’ ಆದೀತೇ?

ಉತ್ತರ ೧

‘ಸಂಪಾದಿಸು’ ಬೇಡ. ಕನ್ನಡಿಗರಿಗೆ ಸಂಪಾದನೆ ಎಂದರೆ ದುಡಿದ ಹಣ. ಹಳಗನ್ನಡದ ‘ತಿರ್ದು’ವೇ ಇಂದಿನ ‘ತಿದ್ದು’. ತಮಿಳಿನ ‘ತಿರುತ್ತು’, ತೆಲುಗಿನ ‘ದಿದ್ದು’ ಅದರ ಒಡಹುಟ್ಟುಗಳು. ‘ಚೀಟಿ’ ಉತ್ತರದ ‘ಚಿಟ್ಠಿ’ಯಿಂದ ಬಂದದ್ದು, ಅದೂ ಬೇಡ. ‘ಓಲೆ’ ಇರುವಾಗ ಎರವಲೇಕೆ? ‘ವಿಕಿ’ಯನ್ನು ಹಾಗೆಯೇ ಉಳಿಸಿಕೊಂಡಿರುವುದು ಸೋಮಾರಿತನ. ಅದರ ಅರ್ಥ ‘ಬೇಗ’ ಎಂದಷ್ಟೇ. ‘ಬೇಗಬರಹ’ ಎಂದರೆ ಮುಗಿಯಿತು.

ಉತ್ತರ ೨

ಮೇಲಿನ ಉತ್ತರದಲ್ಲಿ ‘ತಿದ್ದು’ವಿನ ಬಗೆಗಿನ ತೀರ್ಮಾನ ಸರಿಯಿದೆ, ಕಾರಣ ಸರಿಯಿಲ್ಲ. ಗ್ರಂಥಸಂಪಾದನೆ ಎಂಬ ಮಾತನ್ನು ಕೇಳಿ ಯಾರೂ ಹಣವನ್ನು ನೆನೆಯುವುದಿಲ್ಲ. ‘ಸಂಪಾದಿಸು’ ಇಲ್ಲಿ ಸಲ್ಲದಿರುವುದು ಅದರ ಅರ್ಥ ಖಚಿತವಾಗಿರುವುದರಿಂದಲೇ: ಗ್ರಂಥಸಂಪಾದಕರು ಹಲವು ಪ್ರತಿಗಳನ್ನು ಹೋಲಿಸಿ ಕವಿಯ ಮೂಲಪಾಠವನ್ನು ಹುಡುಕುತ್ತಾರೆ, ಪತ್ರಿಕೆಯ ಸಂಪಾದಕರು ಯಾವುದು ಅಚ್ಚಾಗಬೇಕೆಂದು ನಿರ್ಧರಿಸುತ್ತಾರೆ. ವಿಕಿಯಲ್ಲಿ ಹುಡುಕಬೇಕಾದ ಮೂಲಪಾಠವೂ ಇಲ್ಲ, ಅಂಥ ಪೀಠವೂ ಇಲ್ಲ. ಓದಲು ಬಂದವರೇ ಬರೆಯಬಹುದು ಎಂಬುದೇ ಅದರ ಜೀವಾಳ. ‘ಸಂಪಾದಿಸಿ’ ಎಂಬ ಗುಂಡಿಯನ್ನು ಕಂಡ ಹೊಸ ಓದುಗರು ಅದು ತಮಗಲ್ಲವೆಂದು ಹಿಂಜರಿದರೆ ತಪ್ಪು ಅವರದಲ್ಲ.

‘ತಿದ್ದು’ ಎಂದರೆ ತಪ್ಪನ್ನು ಸರಿಪಡಿಸುವುದು ಮಾತ್ರ ಎಂದು ಆಕ್ಷೇಪಿಸುವವರು ಸ್ಲೇಟನ್ನು ನೆನಪಿಸಿಕೊಳ್ಳಬೇಕು. ಮಗು ಅಕ್ಷರ ತಿದ್ದುವಾಗ ಅಲ್ಲಿ ಮೊದಲೇ ಬರೆದಿಟ್ಟ ಅಕ್ಷರದಲ್ಲಿ ತಪ್ಪೇನೂ ಇರುವುದಿಲ್ಲ. ಇದ್ದುದರ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸುವುದು ಅಲ್ಲಿನ ಕೆಲಸ. ಹುಬ್ಬು ತಿದ್ದುವುದೂ ಮೀಸೆ ತಿದ್ದುವುದೂ ಹೀಗೆಯೇ. ಮಲಯಾಳಂ ವಿಕಿಪೀಡಿಯದವರು ಇದೇ ಧಾತುವಿನ ‘ತಿರುತ್ತುಕ’ವನ್ನು ನೆಮ್ಮದಿಯಾಗಿ ಬಳಸುತ್ತಿದ್ದಾರೆ. ಅದಕ್ಕಿಂತ ಮುಖ್ಯವಾದದ್ದು ಟಿಡ್ಲಿವಿಕಿಯ ನಡೆ. ಪೆನ್ಸಿಲನ್ನು ಒತ್ತಿದೊಡನೆ ಆ ಬರಹಕ್ಕೊಂದು ಕರಡು ಪ್ರತಿ ಹುಟ್ಟುತ್ತದೆ, ಸರಿಗುರುತನ್ನು ಒತ್ತುವವರೆಗೂ ಮೂಲ ಹಾಗೆಯೇ ಉಳಿದಿರುತ್ತದೆ. ಕರಡು ತಿದ್ದುವುದು ಅಚ್ಚುಕೂಟದ ಕಾಲದಿಂದ ನಮ್ಮಲ್ಲಿರುವ ಮಾತು. ಕರಡನ್ನು ಯಾರೂ ‘ಸಂಪಾದಿಸು’ವುದಿಲ್ಲ.

‘ಓಲೆ’ಗೆ ನನ್ನ ಒಪ್ಪಿಗೆಯಿಲ್ಲ. ಕರೆಯೋಲೆಯನ್ನು ನೋಡಿ: ಈ ಅರ್ಥದಲ್ಲಿ ಓಲೆಯೆಂದರೆ ಒಬ್ಬರು ಇನ್ನೊಬ್ಬರಿಗೆ ಕಳುಹಿಸುವಂಥದ್ದು. ತನಗಾಗಿ ಬರೆದಿಟ್ಟುಕೊಂಡ ತುಣುಕಿಗೆ ಅದು ಒಗ್ಗುವುದಿಲ್ಲ. ಅಂಗಡಿಗೆ ಒಯ್ಯುವ ಸಾಮಾನಿನ ಚೀಟಿಯಿಂದ ಪಡಿತರ ಚೀಟಿಯವರೆಗೆ ಈ ಪದ ಎಲ್ಲರ ನಾಲಿಗೆಯ ಮೇಲಿದೆ, ಇದರ ಬಂಧುವನ್ನೇ ಇಂಗ್ಲಿಷರು ಭಾರತದಿಂದ ‘ಚಿಟ್’ ಎಂದು ಒಯ್ದರು. ಹಣದ ಚೀಟಿಯೊಂದಿಗೆ ಗೊಂದಲವಾಗದೇ ಎಂದು ಕೇಳಬಹುದು. ಟಿಪ್ಪಣಿ ಪುಸ್ತಕದೊಳಗೆ ಆ ಗೊಂದಲಕ್ಕೆ ಎಡೆಯಿಲ್ಲ. ಟಿಡ್ಲರ್ ಎಂದರೆ ಬ್ರಿಟನ್ನಿನ ಆಡುಮಾತಿನಲ್ಲಿ ಪುಟ್ಟ ಮೀನು. ಟಿಡ್ಲಿವಿಕಿಯನ್ನು ರೂಪಿಸಿದ ಜೆರೆಮಿ ರಸ್ಟನ್ 2004ರಲ್ಲಿ ತಮ್ಮ ಊರಿನ ಮಾತಿನಿಂದ ಆರಿಸಿಕೊಂಡಂತೆ ನಾವೂ ನಮ್ಮ ಬಳಕೆಯಿಂದ ಆರಿಸಿಕೊಳ್ಳಬೇಕು, ಮೀನನ್ನು ಅನುವಾದಿಸಬೇಕಿಲ್ಲ.

‘ಬೇಗಬರಹ’ವನ್ನು ಕೇಳಿದವರು ಶೀಘ್ರಲಿಪಿಯೆಂದೇ ತಿಳಿಯುತ್ತಾರೆ. ಮೊದಲ ವಿಕಿಯನ್ನು ಕಟ್ಟಿದ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ತಮ್ಮ ತಾಣಕ್ಕೆ ಹೆಸರಿಡುವಾಗ ಇಂಗ್ಲಿಷಿನಲ್ಲಿ ‘ಬೇಗ’ ಎಂಬುದಕ್ಕೆ ಪದವಿದ್ದರೂ ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನಿಂದ ಹವಾಯಿಯನ್ ಪದವನ್ನು ಎತ್ತಿಕೊಂಡರು. ಇಂಗ್ಲಿಷಿಗೂ ಅದು ಎರವಲೇ. ಕನ್ನಡ ವಿಕಿಪೀಡಿಯ 2003ರಿಂದ ಆ ಹೆಸರಿನಲ್ಲಿಯೇ ನಡೆದುಬಂದಿದೆ, ಅದೇ ಸಮುದಾಯ ತನ್ನ ಚರ್ಚೆಯ ಜಾಗವನ್ನು ‘ಅರಳಿ ಕಟ್ಟೆ’ ಎಂದು ಕರೆದುಕೊಂಡಿದೆ. ಹೆಸರನ್ನು ಎರವಲು ಪಡೆದು, ಒಳಗಿನ ಕೆಲಸಗಳಿಗೆ ನಮ್ಮ ಮಾತನ್ನು ಕೊಡುವ ಈ ವಿವೇಕ ನನಗೆ ಅತ್ಯಂತ ಪ್ರಿಯವಾದದ್ದು.

ಉತ್ತರ ೩ (ಮೊದಲ ಉತ್ತರಿಸಿದವರಿಂದ)

ಎರವಲಿನ ಸಮರ್ಥನೆಗೆ ಎರವಲನ್ನೇ ಸಾಕ್ಷಿ ಕರೆಯುವುದು ವಾದವಲ್ಲ. ‘ತಾಳೆಯೋಲೆ’ ಯಾರಿಗೆ ಕಳುಹಿಸಿದ್ದು? ‘ಓಲೆ’ಯೇ ಸರಿ.

ಕೇಳಿದವರಿಂದ

ತಾಳೆಯೋಲೆಯ ಮಾತು ಒಪ್ಪತಕ್ಕದ್ದೇ, ಆದರೆ ನಮ್ಮ ಸದಸ್ಯರ ಬಾಯಲ್ಲಿರುವುದು ಚೀಟಿ. ಆದ್ದರಿಂದ ‘ತಿದ್ದಿ’, ‘ಚೀಟಿ’, ‘ಕರಡು’ ಎಂದು ಹಾಕುತ್ತಿದ್ದೇನೆ. ಇನ್ನೂ ಬರೆಯದಿರುವ ಚೀಟಿಯ ಕೊಂಡಿಯನ್ನು ಒತ್ತಿದಾಗ ‘ಈ ಚೀಟಿ ಇನ್ನೂ ಇಲ್ಲ, ಬರೆಯಿರಿ’ ಎಂದು ಕಾಣಿಸುತ್ತದೆ. ಮೀಡಿಯಾವಿಕಿಯಲ್ಲಿಯೂ ‘ತಿದ್ದಿ’ಯೇ ಇರಲಿದೆ.