ಹೊಸಮನೆ ಬಳಗದಲ್ಲಿ ಅನಿಮೋನಿ ಗಲಾಟೆ

ಶುಕ್ರವಾರ ಬೆಳಿಗ್ಗೆ 6.12ಕ್ಕೆ ನಮ್ಮ 'ಹೊಸಮನೆ ಬಳಗ' ಗುಂಪಿಗೆ ವಿಜಯತ್ತೆಯ ಫಾರ್ವರ್ಡ್ ಬಂತು.

"ಎಚ್ಚರ!! ಮನೆಯಲ್ಲಿ ಮೀನಿನ ಟ್ಯಾಂಕ್ ಇರುವವರು ತಪ್ಪದೆ ಓದಿ. ಕಾರ್ಪೆಟ್ ಅನಿಮೋನಿ ಎಂಬ ವಿಷದ ಪ್ರಾಣಿ. ಇದರ ಹಬೆ ಕುಡಿದು ವಿದೇಶದಲ್ಲಿ ಇಡೀ ಕುಟುಂಬ ಆಸ್ಪತ್ರೆ ಸೇರಿದೆ. ಒಂದೇ ರಾತ್ರಿಯಲ್ಲಿ ಎಲ್ಲ ಮೀನು ನುಂಗುತ್ತದೆ. ಮಕ್ಕಳಿರುವ ಮನೆಗೆ ತಕ್ಷಣ ಕಳಿಸಿ."

ಕೆಳಗೆ ಹಸಿರು ಕಂಬಳಿಯ ಹಾಗೆ ಹರಡಿಕೊಂಡ ಅನಿಮೋನಿಯ ಫೋಟೋ. ಅನಿಮೋನಿ ಅಂದರೆ ಹೂವಿನ ಹಾಗೆ ಕಾಣುವ, ಕಡಲ ತಳದಲ್ಲಿ ಅಂಟಿಕೊಂಡು ಬದುಕುವ ಮೆತ್ತನೆಯ ಪ್ರಾಣಿ. ಅದರ ಕೆಳಗೆ ಅತ್ತೆಯ ಸ್ವಂತ ಮಾತು.

ವಿಜಯತ್ತೆ: ಭಾನು, ಇದನ್ನು ಓದು. ಮನೆಯಲ್ಲಿ ಪುಟ್ಟ ಇದ್ದಾನೆ.

ಭಾನುವಾರ ನಮ್ಮ ಟ್ಯಾಂಕಿಗೆ ಕಾರ್ಪೆಟ್ ಅನಿಮೋನಿ ಬರುತ್ತದೆ ಎಂದು ಹಿಂದಿನ ರಾತ್ರಿ ನಾನೇ ಗುಂಪಿನಲ್ಲಿ ಖುಷಿಯಿಂದ ಬರೆದಿದ್ದೆ. ಫಾರ್ವರ್ಡ್ ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು.

ಪ್ರಶಾಂತಣ್ಣ: ಮೂಲ ಎಲ್ಲಿದೆ ಅತ್ತೆ? ಯಾವ ದೇಶ? ಯಾವ ವರ್ಷ? ಯಾವ ಪತ್ರಿಕೆ?

ವಿಜಯತ್ತೆ: ನನಗೆ ನಮ್ಮ ಯೋಗ ಕ್ಲಾಸಿನ ಗುಂಪಿನಲ್ಲಿ ಬಂತು. ಅಲ್ಲಿರುವವರೆಲ್ಲ ಓದಿದವರು.

ಪ್ರಶಾಂತಣ್ಣ: ಓದಿದವರು ಅಂದರೆ ಮೂಲ ಅಲ್ಲ. ಕೊರೊನಾ ಕಾಲದಲ್ಲಿ ಇದೇ ಗುಂಪಿನಿಂದ ಏನೇನು ಬಂದಿತ್ತು ಅಂತ ಹೇಳಲಾ?

ವಿಜಯತ್ತೆ: ಆಗ ನಾನು ಕಳಿಸಿದ ಕಷಾಯವನ್ನು ನಿನ್ನ ಅಮ್ಮನೇ ಮೂರು ತಿಂಗಳು ಕುಡಿದಿದ್ದಾಳೆ. ಕೇಳು.

ಐದೇ ಮೆಸೇಜಿಗೆ ಮಾತು ಕಷಾಯಕ್ಕೆ ಹೋಯಿತು. ನನಗೆ ಬೇಸರವಾಯಿತು. ಯಾಕೆಂದರೆ ಫಾರ್ವರ್ಡಿನ ಒಳಗೆ ಒಂದು ನಿಜ ಇತ್ತು. ಅದನ್ನು ಯಾರಾದರೂ ಬಿಡಿಸಿ ಹೇಳಲೇಬೇಕಿತ್ತು. ಪುಟ್ಟನನ್ನು ಶಾಲೆ ಬಸ್ಸಿಗೆ ಹತ್ತಿಸಿ ಬಂದು ಕೂತು ಟೈಪ್ ಮಾಡಿದೆ.

ನಾನು: ಅತ್ತೆ, ನೀವು ಕಳಿಸಿದ ಘಟನೆ ಸುಳ್ಳಲ್ಲ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಸ್ಟೀವೆಂಟನ್ ಎಂಬ ಹಳ್ಳಿ. ಒಂದು ಮನೆಯವರು ಅಕ್ವೇರಿಯಂನಿಂದ ಹವಳ ತೆಗೆದು ಸ್ವಚ್ಛ ಮಾಡುವಾಗ ವಿಷ ಗಾಳಿಗೆ ಸೇರಿತು. ಸಹಾಯಕ್ಕೆ ಹೋದವರೂ ಸೇರಿ 10 ಜನ ಆಸ್ಪತ್ರೆಗೆ ಹೋದರು. ಆದರೆ ಅದು ಕಾರ್ಪೆಟ್ ಅನಿಮೋನಿ ಅಲ್ಲ. ಅಂಥ ಘಟನೆಗಳಲ್ಲಿ ಸಿಗುವ ವಿಷದ ಹೆಸರು ಪಾಲಿಟಾಕ್ಸಿನ್. ಅದು ಝೊವಾಂತಿಡ್ ಎಂಬ, ಅಂಗಿಯ ಗುಂಡಿಯಂಥ ಸಣ್ಣ ಕಡಲ ಜೀವಿಗಳಲ್ಲಿ ಕೆಲವು ಜಾತಿಯಲ್ಲಿ ಇರುತ್ತದೆ. ಅವು ಬೆಳೆದ ಕಲ್ಲನ್ನು ಬಿಸಿನೀರಲ್ಲಿ ಕುದಿಸಿದರೆ, ಒಣಗಿಸಿ ಬ್ರಷ್ಷಿನಲ್ಲಿ ಉಜ್ಜಿದರೆ ಅಪಾಯ. ಫಾರ್ವರ್ಡ್ ಮಾಡಿದವರು ಫೋಟೋ ಮಾತ್ರ ಬೇರೆ ಹಾಕಿದ್ದಾರೆ. ನನ್ನ ಟ್ಯಾಂಕಿನ ಎಡಗಡೆ ಕಲ್ಲಿನ ಮೇಲೆ ಈ ಗುಂಡಿಗಳು ಇವೆ. ಒಂದು ವರ್ಷದಿಂದ ಇವೆ. ನಾನು ಆ ಕಲ್ಲನ್ನು ಕೈಗವಸು, ಕನ್ನಡಕ ಇಲ್ಲದೆ ಮುಟ್ಟುವುದಿಲ್ಲ. ನೀರಿನಿಂದ ಹೊರಗೆ ತೆಗೆದು ಯಾವತ್ತೂ ಉಜ್ಜುವುದಿಲ್ಲ. ಪುಟ್ಟನಿಗೆ ಟ್ಯಾಂಕಿನೊಳಗೆ ಕೈ ಹಾಕಲು ಬಿಡುವುದೇ ಇಲ್ಲ.

ಇಷ್ಟು ಬರೆದ ಮೇಲೆ ಬಂದ ಉತ್ತರಗಳು ಇವು.

ರೇಖಕ್ಕ: ಅಯ್ಯೋ, ಅಂದರೆ ವಿಷ ಈಗಾಗಲೇ ನಿಮ್ಮ ಹಾಲ್‌ನಲ್ಲಿ ಇದೆಯಾ?

ವಿಜಯತ್ತೆ: ನಾನು ಹೇಳಿದ್ದು ಸರಿ ಅಂತ ಭಾನುವೇ ಒಪ್ಪಿಕೊಂಡಳು. ಪ್ರಶಾಂತ, ನೋಡಿದೆಯಾ.

ಪ್ರಶಾಂತಣ್ಣ: ಅವಳು ಒಪ್ಪಿಕೊಂಡಿದ್ದು ನೀವು ಹೇಳಿದ್ದನ್ನು ಅಲ್ಲ ಅತ್ತೆ. ಫೋಟೋ ಬೇರೆ, ವಿಷಯ ಬೇರೆ. ಸರಿಯಾಗಿ ಓದಿ.

ವಿಜಯತ್ತೆ: ನನಗೆ ಓದಲು ಬರುವುದಿಲ್ಲ ಅಂತಲೇ ನಿನ್ನ ಮನೆಯಲ್ಲಿ ಮೊದಲಿಂದ ಹೇಳುತ್ತಾರೆ. ಹೊಸದಲ್ಲ ಬಿಡು.

ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದ ಮೇಘಾ ಮಧ್ಯಾಹ್ನ ಒಳ್ಳೆಯ ಮಾತು ಹೇಳಿದಳು.

ಮೇಘಾ: ಭಾನಕ್ಕ, ಕಾರ್ಪೆಟ್ಟಿಗೂ ಕೈಗವಸು ಹಾಕು. ಅದರ ಗ್ರಹಣಾಂಗದಲ್ಲಿ ಚುಚ್ಚುವ ಕೋಶಗಳಿವೆ. ಹೆಚ್ಚಿನವರಿಗೆ ಸ್ವಲ್ಪ ಉರಿ, ದದ್ದು ಅಷ್ಟೇ. ಅಲರ್ಜಿ ಇದ್ದವರಿಗೆ ಜಾಸ್ತಿ ಆಗಬಹುದು. ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ, ಗೊತ್ತಾಗಿದ್ದೇ ಅನಿಮೋನಿ ವಿಷದಿಂದ. 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೆ ನಾಯಿಗಳಿಗೆ ಆ ವಿಷ ಕೊಟ್ಟು ನೋಡಿದರು. ಮೊದಲ ಸಲ ತಡೆದುಕೊಂಡ ನಾಯಿ ಕೆಲವು ವಾರ ಬಿಟ್ಟು ಸ್ವಲ್ಪವೇ ಕೊಟ್ಟಾಗ ಸತ್ತುಹೋಯಿತು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಹಾಗಾಗಿ ಒಂದು ಸಲ ಚುಚ್ಚಿಸಿಕೊಂಡು ಏನೂ ಆಗಲಿಲ್ಲ ಅಂತ ಧೈರ್ಯ ಮಾಡಬೇಡ.

ವಿಜಯತ್ತೆ: ನಾಯಿ ಸತ್ತುಹೋಯಿತಾ? ರಾಮ ರಾಮ.

ನೂರು ವರ್ಷದ ಹಿಂದಿನ ಆ ಪ್ರಯೋಗದಲ್ಲಿ ಅತ್ತೆಗೆ ತಾಗಿದ್ದು ನಾಯಿ. ಸುಳ್ಳಲ್ಲ, ನನಗೂ ಮೊದಲ ಸಲ ಓದಿದಾಗ ಅದೇ ತಾಗಿತ್ತು. ಆದರೆ ಮೇಘಾ ಹೇಳಿದ ಕೈಗವಸಿನ ವಿಷಯ ಅಲ್ಲೇ ಉಳಿಯಿತು.

ಸಂಜೆ ರಾಜಪ್ಪ ದೊಡ್ಡಪ್ಪ ಬಂದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಅವರ ಮೆಸೇಜು ಯಾವಾಗಲೂ 'ಎಲ್ಲರಿಗೂ ಆಶೀರ್ವಾದ' ಎಂದು ಶುರುವಾಗುತ್ತದೆ.

ದೊಡ್ಡಪ್ಪ: ಎಲ್ಲರಿಗೂ ಆಶೀರ್ವಾದ. ವಿಷ ಇದೆಯೋ ಇಲ್ಲವೋ ಎರಡನೇ ಮಾತು. ಕಡಲಲ್ಲಿ ಇರಬೇಕಾದ ಜೀವವನ್ನು ತಂದು ಬೆಂಗಳೂರಿನ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವುದು ಯಾಕೆ? ನಮ್ಮ ಸಂತೋಷಕ್ಕೆ ಅದರ ಬದುಕು ಕಸಿದುಕೊಳ್ಳಬಹುದೇ? ಶೃಂಗೇರಿಯಲ್ಲಿ ಮೀನಿಗೆ ಪುರಿ ಹಾಕಿ ನೋಡಿ ಸಂತೋಷಪಡಬಹುದು. ಮನೆಗೆ ತರಬೇಕೆಂದಿಲ್ಲ.

ಇಡೀ ದಿನದಲ್ಲಿ ಬಂದ ನಿಜವಾದ ಪ್ರಶ್ನೆ ಇದೊಂದೇ ಅಂತ ನನಗೆ ಅನ್ನಿಸಿತು. ಈ ಪ್ರಶ್ನೆಯ ಜೊತೆ ನಾನು ಆರು ತಿಂಗಳು ಗುದ್ದಾಡಿದ್ದೇನೆ. ಅಂಗಡಿಯಲ್ಲಿ ಬಿಳಿಚಿಕೊಂಡ ಅನಿಮೋನಿಗಳನ್ನು ನೋಡಿದ್ದೇನೆ. ಅವುಗಳ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ, ಬೆಳಕಿನಲ್ಲಿ ಆ ಪಾಚಿ ಮಾಡುವ ಆಹಾರವೇ ಅನಿಮೋನಿಗೆ ಮುಖ್ಯ ಊಟ. ಆ ಪಾಚಿ ಹೋದರೆ ಬಣ್ಣ ಬಿಳಿಯಾಗುತ್ತದೆ. ಕೆಲವು ಕಡೆ ಅದಕ್ಕೆ ಹಳದಿ, ನೇರಳೆ ಬಣ್ಣ ಹಾಕಿ ಚಂದ ಎಂದು ಮಾರುತ್ತಾರೆ. ಹಸಿವಿನಿಂದ ಸಾಯುತ್ತಿರುವ ಜೀವಕ್ಕೆ ಬಣ್ಣ ಬಳಿಯುವುದು. ಅದನ್ನು ನೋಡಿದ ದಿನ ಅಂಗಡಿಯಿಂದ ಕೊಳ್ಳುವುದಿಲ್ಲ ಎಂದು ತೀರ್ಮಾನ ಮಾಡಿದೆ.

ನಾನು: ದೊಡ್ಡಪ್ಪ, ಇದನ್ನು ಕಡಲಿನಿಂದ ತರುತ್ತಿಲ್ಲ. ಒಬ್ಬರು ಮೂರು ವರ್ಷದಿಂದ ಸಾಕಿದ್ದಾರೆ. ಅವರು ಪುಣೆಗೆ ಹೋಗುತ್ತಿದ್ದಾರೆ, ಟ್ಯಾಂಕ್ ಮುಚ್ಚುತ್ತಿದ್ದಾರೆ. ವಾಪಸ್ ಕಡಲಿಗೆ ಬಿಡುವ ಹಾಗಿಲ್ಲ, ಟ್ಯಾಂಕಿನ ರೋಗ ಅಲ್ಲಿಗೂ ಹೋಗಬಹುದು. ಯಾರಾದರೂ ಇಟ್ಟುಕೊಳ್ಳಬೇಕು. ನನ್ನ ಟ್ಯಾಂಕ್ 400 ಲೀಟರ್, 14 ತಿಂಗಳು ಹಳೆಯದು. ಹೊಸ ಟ್ಯಾಂಕಿನಲ್ಲಿ ಇದು ಉಳಿಯುವುದಿಲ್ಲ ಅಂತಲೇ ಇಷ್ಟು ದಿನ ಕಾದೆ. ಇನ್ನೊಂದು ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ ಡಾಲಿಯೆಲ್ ಎಂಬವರು 1828ರಲ್ಲಿ ನಾರ್ತ್ ಬರ್ವಿಕ್ ಕಡಲ ಬಂಡೆಯಿಂದ ಒಂದು ಅನಿಮೋನಿ ತಂದು ಗಾಜಿನ ಜಾಡಿಯಲ್ಲಿ ಸಾಕಿದರು. ಬೇರೆ ಜಾತಿಯದು, ಚಿಕ್ಕದು. ಡಾಲಿಯೆಲ್ 1851ರಲ್ಲಿ ತೀರಿಕೊಂಡರು. ಅನಿಮೋನಿ ಕೈಯಿಂದ ಕೈಗೆ ಹೋಗಿ 1887ರವರೆಗೂ ಎಡಿನ್‌ಬರ್ಗಿನಲ್ಲಿ ಬದುಕಿತ್ತು. ಅದನ್ನು ಎಲ್ಲರೂ 'ಗ್ರ್ಯಾನಿ' ಅಂತ ಕರೆಯುತ್ತಿದ್ದರು. ಅಜ್ಜಿ.

ದೊಡ್ಡಪ್ಪ: 59 ವರ್ಷ. ಸಾಕಿದವರು ಹೋದ ಮೇಲೂ ನೋಡಿಕೊಂಡರಲ್ಲ, ಅದು ದೊಡ್ಡದು. ನೀನು ಅಷ್ಟು ನೋಡಿಕೊಳ್ಳುವೆಯಾ?

ನಾನು: ನೋಡಿಕೊಳ್ಳುತ್ತೇನೆ ದೊಡ್ಡಪ್ಪ.

ಮಾತು ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ 'ಅಜ್ಜಿ' ಅನ್ನುವ ಪದ ಸುಧೀರನ ಕಣ್ಣಿಗೆ ಬಿತ್ತು. ಅವನು ಮಸ್ಕತ್‌ನಲ್ಲಿದ್ದಾನೆ. ಊರು ನೆನಪಾಗಲು ಅವನಿಗೆ ಒಂದು ಪದ ಸಾಕು.

ಸುಧೀರ: ಅಜ್ಜಿ ಅಂದ ತಕ್ಷಣ ಹತ್ತುಮೀನು ನೆನಪಾಯಿತು. ಮುಂಗಾರಿನ ಮೊದಲ ಮಳೆಗೆ ಗದ್ದೆ ಬದುವಿನ ನೀರಲ್ಲಿ ಮೀನು ಹತ್ತುತ್ತಿದ್ದವು. ಪ್ರಶಾಂತಣ್ಣ ಟಾರ್ಚ್ ಹಿಡಿಯುತ್ತಿದ್ದ. ನಾನು ಮೀನು ಹಿಡಿಯುವ ಕೂಣಿ ಇಡುತ್ತಿದ್ದೆ. ಅಜ್ಜಿ ಬೈಯುತ್ತಾ ಬೈಯುತ್ತಾ ಮಸಾಲೆ ಅರೆಯುತ್ತಿದ್ದಳು.

ಪ್ರಶಾಂತಣ್ಣ: ಕೂಣಿ ಇಟ್ಟಿದ್ದು ನಾನು. ನೀನು ಚಪ್ಪಲಿ ಕಳೆದುಕೊಂಡು ಅಳುತ್ತಿದ್ದೆ.

ಸುಧೀರ: ಹಾ ಹಾ. ಮೀನು ಅಂದರೆ ಭಾನು ಮನೆ ಗೃಹಪ್ರವೇಶವೂ ನೆನಪಿದೆ. ಪಾಪ ಗೋಲ್ಡ್ ಫಿಶ್ಶುಗಳು!

ಅವನು ಬೇಕೆಂದು ಹೇಳಿದ್ದಲ್ಲ. ಆದರೆ ಹೇಳಿಬಿಟ್ಟ.

2016ರಲ್ಲಿ ನಮ್ಮ ಗೃಹಪ್ರವೇಶ. ಆಗ ನನ್ನ ಹತ್ತಿರ ಇದ್ದದ್ದು ಸಿಹಿನೀರಿನ ಸಣ್ಣ ಟ್ಯಾಂಕ್, ಆರು ಗೋಲ್ಡ್ ಫಿಶ್. ಯಾರೋ ಫಿಲ್ಟರಿನ ಪ್ಲಗ್ ತೆಗೆದು ಫೋನ್ ಚಾರ್ಜಿಗೆ ಹಾಕಿದರು. ಮನೆ ತುಂಬ ಜನ, ಯಾರೂ ನೋಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಆರೂ ಮೀನು ಮೇಲೆ ತೇಲುತ್ತಿದ್ದವು. ಆ ಪ್ಲಗ್ಗಿನಲ್ಲಿ ಸಿಕ್ಕಿದ್ದು ರೇಖಕ್ಕನ ಗಂಡ ರಮೇಶ ಭಾವನ ಚಾರ್ಜರ್. ಅವರು 'ನಾನು ಹಾಕಿಲ್ಲ, ಯಾರೋ ನನ್ನ ಚಾರ್ಜರ್ ತೆಗೆದುಕೊಂಡಿದ್ದರು' ಎಂದರು. ಆದರೂ ಅವರ ಹೆಸರೇ ಉಳಿಯಿತು. ವಿಜಯತ್ತೆಗೆ ಅಳಿಯನ ಮೇಲೆ ಬಂದ ಆ ಮಾತು ಇನ್ನೂ ಆರಿಲ್ಲ.

ರೇಖಕ್ಕ: ಮತ್ತೆ ಅದೇ ಶುರು ಮಾಡಿದಿರಾ? ಒಂದು ಚಾರ್ಜರ್‌ಗೆ ಎಷ್ಟು ವರ್ಷ ಮಾತು ಕೇಳಬೇಕು ನಾವು?

ವಿಜಯತ್ತೆ: ಇದಕ್ಕೇ ನಾನು ಬೆಳಿಗ್ಗೆ ಹೇಳಿದ್ದು. ಆ ಪ್ರಾಣಿ ನಾಳೆ ಸತ್ತರೆ ಯಾರ ಹೆಸರು ಬರುತ್ತದೆ ಅಂತ ನನಗೆ ಗೊತ್ತು. ಹಬ್ಬಕ್ಕೆ ಭಾನು ಮನೆಗೆ ಬರುವವರು ನಾವೇ ತಾನೇ.

ಆಗ ನನಗೆ ಅರ್ಥವಾಯಿತು. ಅತ್ತೆಗೆ ಹೆದರಿಕೆ ಇದ್ದದ್ದು ಹಬೆಯ ಬಗ್ಗೆ ಅಲ್ಲ. ಗಣೇಶನ ಹಬ್ಬಕ್ಕೆ ಅವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಮತ್ತೆ ಏನಾದರೂ ಸತ್ತರೆ ಎಂಬ ಹೆದರಿಕೆ.

ಪ್ರಶಾಂತಣ್ಣ: ಚಾರ್ಜರ್ ಯಾರದ್ದು ಅನ್ನುವುದಕ್ಕೆ ಸಾಕ್ಷಿ ಇತ್ತು. ಪ್ಲಗ್ ಯಾರು ತೆಗೆದರು ಅನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ಇದನ್ನು ನಾನು ಆಗಲೇ ಹೇಳಿದ್ದೆ.

ರೇಖಕ್ಕ: ಆಗ ನೀನು ಏನೂ ಹೇಳಲಿಲ್ಲ. ನಗುತ್ತಿದ್ದೆ.

ದೊಡ್ಡಪ್ಪ: ಮಕ್ಕಳೇ, ಸತ್ತ ಮೀನಿನ ಮೇಲೆ ಬದುಕಿರುವವರು ಜಗಳ ಆಡಬೇಡಿ.

ಗೋಲ್ಡ್ ಫಿಶ್ ಮಾತು ಶುರುವಾದ ಮೇಲೆ ರಾತ್ರಿ ಹತ್ತರವರೆಗೆ 74 ಮೆಸೇಜು ಬಂದವು. ಅದರಲ್ಲಿ ಅನಿಮೋನಿ ಎಂಬ ಪದ ಎರಡೇ ಸಲ. ಎರಡೂ ನನ್ನವು. ಮಲಗುವ ಮೊದಲು ನಾನು ಕೊನೆಯದಾಗಿ ಒಂದು ಬರೆದೆ. ಕೋಪದಿಂದ ಬರೆದದ್ದಲ್ಲ. ಇದರಲ್ಲಿ ಯಾರ ಹೆಸರೂ ಕೆಡಬಾರದು ಅನ್ನುವುದೇ ಮನಸ್ಸಿನಲ್ಲಿ ಇತ್ತು.

ನಾನು: ಅತ್ತೆ, ರೇಖಕ್ಕ, ಗೋಲ್ಡ್ ಫಿಶ್ ಸತ್ತಿದ್ದು ನನ್ನ ತಪ್ಪು. ಮನೆ ತುಂಬ ಜನ ಬರುವ ದಿನ ಪ್ಲಗ್ಗಿಗೆ ಟೇಪ್ ಹಚ್ಚಬೇಕಿತ್ತು, ಹಚ್ಚಲಿಲ್ಲ. ಭಾವನ ಮೇಲೆ ಮಾತು ಬಂದಾಗ ನಾನು ಸುಮ್ನೆ ಇದ್ದೆ, ಅದು ಅದಕ್ಕಿಂತ ದೊಡ್ಡ ತಪ್ಪು. ಈ ಸಲ ಟ್ಯಾಂಕಿಗೆ ಬೇರೆ ಲೈನ್, ಬೇರೆ ಯುಪಿಎಸ್ ಇದೆ. ಹಬ್ಬಕ್ಕೆ ಎಲ್ಲರೂ ಬನ್ನಿ. ಭಾನುವಾರ ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಅದು ಹ್ಯಾಡೊನಿ ಎಂಬ ಜಾತಿ. ಮರಳಿನಲ್ಲಿ ಪಾದ ಊರಿ ಬದುಕುತ್ತದೆ, ಅರ್ಧ ಮೀಟರಿಗಿಂತ ಅಗಲ ಬೆಳೆಯುತ್ತದೆ. ಮೀನು ತಿನ್ನುವುದು ನಿಜ. ಎಲ್ಲವನ್ನೂ ಒಂದೇ ರಾತ್ರಿ ಅಲ್ಲ. ತಳದಲ್ಲಿ ಓಡಾಡುವ, ಕತ್ತಲಲ್ಲಿ ಬೆದರಿ ಅದರ ಮೇಲೆ ಬೀಳುವ ಮೀನು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನನ್ನ ಗೋಬಿ ಮೀನನ್ನು ಕಳೆದ ವಾರ ಗೆಳತಿಯ ಟ್ಯಾಂಕಿಗೆ ಕೊಟ್ಟೆ. ಕೊಡುವಾಗ ಅಳು ಬಂತು. ಅನಿಮೋನಿಗಳ ನಡುವೆ ವಾಸ ಮಾಡುವ ಕ್ಲೌನ್ ಮೀನು ಎರಡು ಉಳಿದಿವೆ. ನನ್ನ ಹತ್ತಿರ ಇರುವ ಬಗೆಯ ಕ್ಲೌನ್ ಕಡಲಿನಲ್ಲಿ ಈ ಜಾತಿಯ ಅನಿಮೋನಿಯಲ್ಲಿ ಇರುವುದಿಲ್ಲ. ಇಲ್ಲಿ ಸೇರಿದರೂ ಸೇರಬಹುದು, ಸೇರದಿದ್ದರೂ ಸರಿ. ಮೊದಲು ಚೀಲವನ್ನು ನೀರಲ್ಲಿ ತೇಲಿಸಿ ಬಿಸಿ ಸಮ ಮಾಡಬೇಕು. ಆಮೇಲೆ ಸಣ್ಣ ಪೈಪಿಗೆ ಗಂಟು ಹಾಕಿ ಒಂದು ಗಂಟೆ ಟ್ಯಾಂಕಿನ ನೀರನ್ನು ಅದಕ್ಕೆ ಹನಿ ಹನಿಯಾಗಿ ಬಿಡಬೇಕು. ದೀಪ ಆರಿಸಿ, ಪಂಪ್ ನಿಲ್ಲಿಸಿ ಮರಳಿನ ಮೇಲೆ ಇಡಬೇಕು. ಪಾದ ಊರುವ ಮೊದಲು ಪಂಪ್ ಹಾಕಿದರೆ ಅದು ತೇಲಿಹೋಗಿ ಪಂಪಿಗೆ ಸಿಕ್ಕಿ ಚೂರಾಗುತ್ತದೆ. ಅಷ್ಟು ದೊಡ್ಡ ಮೈ ಕೊಳೆತರೆ ನೀರೆಲ್ಲ ಕೆಟ್ಟು ಉಳಿದವೂ ಸಾಯುತ್ತವೆ. ನನ್ನ ಹೆದರಿಕೆ ಅದೊಂದೇ. ಬಾಯಿ ಬಿಗಿಯಾಗಿ ಮುಚ್ಚಿದ್ದರೆ, ಪಾದದಲ್ಲಿ ಗಾಯ ಇಲ್ಲದಿದ್ದರೆ ಆರೋಗ್ಯವಾಗಿದೆ ಅಂತ. ಬಾಯಿ ಜೋತುಬಿದ್ದರೆ ಕಷ್ಟ.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಶನಿವಾರ ಸುಧೀರ ಅಜ್ಜಿಯ ಹಳೆಯ ಫೋಟೋ ಹಾಕಿದ. ಆ ಫೋಟೋದಲ್ಲಿ ಅಜ್ಜಿಯ ಪಕ್ಕ ನಿಂತಿರುವ ಮಗು ಯಾರು ಎಂದು ರಾತ್ರಿವರೆಗೂ ಮಾತು ನಡೆಯಿತು.

ಭಾನುವಾರ ಸಂಜೆ ಐದಕ್ಕೆ ಅನಿಮೋನಿ ಬಂತು. ಬಕೆಟ್ಟಿನಲ್ಲಿ ಮುದುಡಿಕೊಂಡು, ಹಿಡಿಯಷ್ಟೇ ಕಾಣುತ್ತಿತ್ತು. ಏಳಕ್ಕೆ ಮರಳಿನ ಮೇಲೆ ಇಟ್ಟೆ. ಪಂಪ್ ನಿಂತ ಟ್ಯಾಂಕ್ ಅಷ್ಟು ನಿಶ್ಶಬ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗಾಳಿಗೆ ಒಂದು ಏರ್ ಸ್ಟೋನ್ ಬಿಟ್ಟು, ಕುರ್ಚಿ ಹಾಕಿಕೊಂಡು ಕೂತೆ. ಪುಟ್ಟ ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋದ. ಒಂಬತ್ತೂವರೆಗೆ ಅಂಚು ಸ್ವಲ್ಪ ಬಿಚ್ಚಿಕೊಂಡಿತು. ಹತ್ತಕ್ಕೆ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕತ್ತಲಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ವಿಜಯತ್ತೆ ಕೈ ಮುಗಿಯುವ ಚಿತ್ರ ಹಾಕಿದರು. ಸುಧೀರ ಹೃದಯ ಹಾಕಿದ. ಪ್ರಶಾಂತಣ್ಣ ಹೆಬ್ಬೆರಳು.

ಹತ್ತು ನಿಮಿಷ ಬಿಟ್ಟು, ಈ ಗುಂಪಿನಲ್ಲಿ ವರ್ಷಕ್ಕೆ ಎರಡು ಸಲ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆಯದವರು ಬರೆದರು.

ರಮೇಶ ಭಾವ: ಭಾನು, ಬಾಯಿ ಬಿಗಿಯಾಗಿ ಮುಚ್ಚಿದೆಯಾ? ಪಾದ ಊರಿತಾ? ಪಂಪ್ ಈಗಲೇ ಹಾಕಬೇಡ.

ನಾನು ಟಾರ್ಚ್ ತೆಗೆದುಕೊಂಡು ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡಿದೆ.

ನಾನು: ಬಾಯಿ ಮುಚ್ಚಿದೆ ಭಾವ. ಪಾದ ಅರ್ಧ ಮರಳಿಗೆ ಇಳಿದಿದೆ. ಇನ್ನೊಂದು ಗಂಟೆ ಕಾಯುತ್ತೇನೆ.

ರಮೇಶ ಭಾವ: ಸರಿ. ನಾನೂ ಎದ್ದಿರುತ್ತೇನೆ. ಹೇಳು.