ಊರಿಗೆ ಊರೇ ಬುಧವಾರ ಆರ್ಲಿಂಗ್ಟನ್‌ಗೆ ಹೊರಟಿದೆ, ನಾವೂ ಹೋಗ್ಬೇಕಾ?

ಜೋಗಿಮಟ್ಟಿ_ಗಾಳಿ:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ, ಬೈಕೋಬೇಡಿ.

ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಲಸ ಕಲಿತು, ಈಗ ಅದೇ ಕೆಲಸಕ್ಕೆ ಪಶ್ಚಿಮ ಟೆಕ್ಸಸ್‌ಗೆ ಬಂದು 2 ವರ್ಷ. ಸ್ವೀಟ್‌ವಾಟರ್‌ನಿಂದ ಇನ್ನೂ ಒಂದಿಷ್ಟು ಒಳಗೆ. ಊರು ಅಂದ್ರೆ ಒಂದು ಪೆಟ್ರೋಲ್ ಬಂಕು, ಪೋಸ್ಟಾಫೀಸು, ಹತ್ತಿ ಜಿನ್ನು (ಬೀಜ ಬಿಡಿಸೋ ಗಿರಣಿ), ಮೂರು ಚರ್ಚು, ಒಂದು ಶಾಲೆ. ಹೈಸ್ಕೂಲಲ್ಲಿ ಒಟ್ಟು 46 ಮಕ್ಕಳು. ಹನ್ನೊಂದು ಜನರ ಫುಟ್‌ಬಾಲಿಗೆ ಹುಡುಗರೇ ಸಾಲಲ್ಲ, ಅದಕ್ಕೆ ಇಲ್ಲಿ ಆರು ಜನರ ಆಟ. (ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಅದು.)

ಈ ಸಲ ನಮ್ಮ ಹುಡುಗರು ರಾಜ್ಯದ ಫೈನಲ್ ತಲುಪಿದ್ದಾರೆ. ಬುಧವಾರ, ಆರ್ಲಿಂಗ್ಟನ್‌ನಲ್ಲಿ, ಡಲ್ಲಾಸ್ ಕೌಬಾಯ್ಸ್ ಅನ್ನೋ ದೊಡ್ಡ ವೃತ್ತಿಪರ ತಂಡ ಆಡೋ ಸ್ಟೇಡಿಯಮ್ಮಿನಲ್ಲಿ. ಅಲ್ಲಿ 80,000 ಸೀಟು. ನಮ್ಮೂರಲ್ಲಿ ಕೂಸುಕಂದಮ್ಮ ಎಲ್ಲ ಎಣಿಸಿದ್ರೂ 500 ಜನ ಇಲ್ಲ. ಬಂಕಿನ ಗಾಜಿನ ಮೇಲೆ ಬಿಳಿ ಶೂ ಪಾಲಿಶ್‌ನಲ್ಲಿ ಪ್ರತಿ ಹುಡುಗನ ನಂಬರು ಬರೆದಿದ್ದಾರೆ. ಬುಧವಾರ ಶಾಲೆಗೆ ರಜ, ಜಿನ್ನೂ ಬಂದ್. ಹತ್ತಿ ಸುಗ್ಗೀಲಿ ಜಿನ್ನು ನಿಲ್ಲಿಸೋದು ಅಂದ್ರೇನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನೆ ಪೋಸ್ಟಾಫೀಸಿನ ಅಜ್ಜಿ "ಬರ್ತೀರಾ?" ಅಂತ ಕೇಳಲಿಲ್ಲ. "ಎಷ್ಟು ಗಂಟೆಗೆ ಹೊರಡ್ತೀರಿ?" ಅಂದ್ರು.

ನನ್ನ ಮಗ 9ನೇ ಕ್ಲಾಸು, ಆಡಲ್ಲ. ನೀರಿನ ಬಾಟಲಿ ಹೊತ್ಕೊಂಡು ಓಡ್ತಾನೆ. ನೀರು ಕೊಡೋ ಹುಡುಗನ ಅಪ್ಪ ಅಮ್ಮ ಕೆಲಸಕ್ಕೆ ರಜ ಹಾಕಿ ಮೂರು ಗಂಟೆ ಗಾಡಿ ಓಡಿಸ್ಕೊಂಡು ಹೋಗ್ಬೇಕಾ? ಹೆಂಡತಿ, ಫೋನಲ್ಲೇ ನೋಡಿದ್ರಾಯ್ತು ಅಂತಾಳೆ. ಮಕ್ಕಳ ಆಟಕ್ಕೆ ಇಷ್ಟೊಂದು ಯಾಕೆ ಅನ್ನೋದು ನನ್ನ ತಲೆಗೂ ಹತ್ತಿಲ್ಲ.

ಹತ್ತಿಹೊಲ:
ಲಬಕ್ ಹತ್ತಿರ 19 ವರ್ಷದಿಂದ ಇದೀನಿ. ಹೋಗಿ ಸಾರ್, ಯೋಚನೆ ಮಾಡೋ ವಿಷಯವೇ ಅಲ್ಲ.

ಈ ಆರು ಜನರ ಆಟ ಹುಟ್ಟಿದ್ದೇ ಬಡತನದಲ್ಲಿ. 1934ರಲ್ಲಿ, ಮಹಾ ಆರ್ಥಿಕ ಕುಸಿತದ ಕಾಲ, ನೆಬ್ರಾಸ್ಕಾದ ಹೆಬ್ರನ್‌ನಲ್ಲಿ ಸ್ಟೀಫನ್ ಎಪ್ಲರ್ ಅನ್ನೋ ಕೋಚ್ ಸಣ್ಣ ಶಾಲೆಗಳಿಗೋಸ್ಕರ ಮಾಡಿದ್ದು. ಇಲ್ಲಿ ಜನ ಹೆದರೋದು ಸೋಲಿಗಲ್ಲ, ಶಾಲೆ ಮುಚ್ಚಿ ಪಕ್ಕದೂರಿನ ಶಾಲೆಗೆ ಸೇರಿಸಿಬಿಡ್ತಾರೆ ಅಂತ. ಶಾಲೆ ಹೋದ ಊರುಗಳನ್ನ ನೀವೂ ನೋಡಿರ್ತೀರಿ, ನೀರಿನ ಟ್ಯಾಂಕಿನ ಮೇಲೆ ಹೆಸರು ಮಾತ್ರ ಉಳಿದಿರುತ್ತೆ. ಫೈನಲ್‌ಗೆ ಹೋದ್ರೆ ನಾವಿನ್ನೂ ಇದೀವಿ ಅಂತ ರಾಜ್ಯಕ್ಕೆಲ್ಲ ಕೂಗಿ ಹೇಳಿದ ಹಾಗೆ.

ಮಾವ ತೀರಿಕೊಂಡು ನಾವು ಹಾವೇರಿಗೆ ಓಡಿದಾಗ ಒಂದು ತಿಂಗಳು ನಮ್ಮ ನಾಯಿಗೆ ಊಟ ಹಾಕಿದವರು ಯಾರು ಗೊತ್ತಾ? ಶುಕ್ರವಾರದ ಪಂದ್ಯಗಳಲ್ಲಿ ಪಕ್ಕದಲ್ಲಿ ಕೂರ್ತಿದ್ದ ದಂಪತಿ. ಬೇರೆಲ್ಲೂ ಅವರ ಪರಿಚಯ ಆಗ್ತಿರಲಿಲ್ಲ.

ಮೇಡಂಗೆ ನಿಯಮ ಹೇಳಿಕೊಡಿ: ಮೈದಾನ 100 ಗಜ ಅಲ್ಲ, 80. ಫಸ್ಟ್ ಡೌನ್‌ಗೆ (ನಾಲ್ಕು ಯತ್ನದೊಳಗೆ ಚೆಂಡನ್ನ ಮುಂದೆ ಒಯ್ಯಬೇಕಾದ ದೂರ) 10ರ ಬದಲು 15 ಗಜ. ಆರು ಜನದಲ್ಲಿ ಯಾರು ಬೇಕಾದ್ರೂ ಪಾಸ್ ಹಿಡೀಬಹುದು. ಅರ್ಧ ಆಟ ಆದಮೇಲೆ ಯಾರಾದ್ರೂ 45 ಪಾಯಿಂಟ್ ಮುಂದಿದ್ರೆ ಅಲ್ಲಿಗೇ ಮುಗೀತು. ಮಧ್ಯೆ ಕಾಫಿ ತರೋಕೆ ಎದ್ದು ಹೋಗ್ಬೇಡಿ, ವಾಪಸ್ ಬರೋಷ್ಟರಲ್ಲಿ ಎರಡು ಟಚ್‌ಡೌನ್ ಆಗಿರುತ್ತೆ.

ಮಾಸಿಲನ್_ಅಮ್ಮ:
ನಾನು ಓಹಾಯೋದ ಮಾಸಿಲನ್‌ನಿಂದ. ಒಂದು ಕಾಲದ ಉಕ್ಕಿನ ಊರು. ಇಲ್ಲಿ ಗಂಡು ಹುಟ್ಟಿದ್ರೆ ಆಸ್ಪತ್ರೆಯಲ್ಲೇ ಪುಟ್ಟ ಫುಟ್‌ಬಾಲ್ ಕೊಡೋ ಪದ್ಧತಿ ಇತ್ತು. 2004ರಲ್ಲಿ ನನ್ನ ಮಗನ ಪಕ್ಕದಲ್ಲೂ ಒಂದನ್ನ ಮಲಗಿಸಿದ್ರು, ನಮ್ಮತ್ತೆ ಅದನ್ನ ದೃಷ್ಟಿಗೊಂಬೆ ಅಂದ್ಕೊಂಡಿದ್ರು! ಪಕ್ಕದ ಊರು ಕ್ಯಾಂಟನ್‌ನ ಹೈಸ್ಕೂಲ್ ತಂಡದ ಜೊತೆ ನಮ್ಮ ಹೈಸ್ಕೂಲಿನ ಜಿದ್ದು 1894ರಿಂದ. ಪ್ಲೇಆಫ್ ಪದ್ಧತಿ 1972ರಲ್ಲಿ ಬಂದಮೇಲೆ ಫೈನಲ್‌ಗಳಲ್ಲಿ ಸೋತೂ ಸೋತೂ, ಕೊನೆಗೆ 2023ರಲ್ಲಿ ನಮ್ಮ ಹುಡುಗರು 7-2ರಿಂದ ಗೆದ್ರು, ಅದೂ ಕ್ಯಾಂಟನ್ ಊರಿನ ಮೈದಾನದಲ್ಲೇ. ಅವತ್ತು ಮುದುಕರು ಅಳೋದನ್ನ ನೋಡಿದೆ.

ಆದ್ರೂ ಒಂದು ಮಾತು. 17 ವರ್ಷದ ಹುಡುಗನ ಹೆಗಲ ಮೇಲೆ ಊರಿನ ಮಾನ ಹೊರಿಸೋದು ನನಗೆ ಸೇರಲ್ಲ. ನಾನು ನರ್ಸು. ತಲೆಗೆ ಪೆಟ್ಟಾಗಿ ಬಂದು, ಇವತ್ತು ಯಾವ ವಾರ ಅಂತ ಹೇಳೋಕಾಗದ ಹುಡುಗ "ಶುಕ್ರವಾರ ಆಡಬಹುದಾ?" ಅಂತ ಕೇಳಿದ್ದಾನೆ. ನಿಮ್ಮ ಮಗ ಮುಂದಿನ ವರ್ಷ ತಾನೂ ಆಡ್ತೀನಿ ಅಂದ್ರೆ ಅದನ್ನ ಬೇರೆಯಾಗಿ ಕೂತು ಮಾತಾಡೋಣ. ಬುಧವಾರ ಹೋಗ್ಬನ್ನಿ.

ಇರ್ವಿಂಗ್_ಇಡ್ಲಿ:
ಪಾರದರ್ಶಕ ಪ್ಲಾಸ್ಟಿಕ್ ಚೀಲ ತನ್ನಿ, ಮೇಡಂ ವ್ಯಾನಿಟಿ ಬ್ಯಾಗ್ ಗೇಟಲ್ಲೇ ನಿಲ್ಲಿಸ್ತಾರೆ. ಮ್ಯಾಚ್ ಮುಗಿದಮೇಲೆ ನಮ್ಮನೆಗೆ ಊಟಕ್ಕೆ ಬನ್ನಿ. ಹುಳಿ, ಅನ್ನ, ಸಂಡಿಗೆ. ಗೆದ್ರೆ ಹೋಳಿಗೆ.

ಜೋಗಿಮಟ್ಟಿ_ಗಾಳಿ:
ಹೋಗಿದ್ವಿ. ಹೋಳಿಗೆ ಸಿಗಲಿಲ್ಲ. (ಸುಳ್ಳು, ಅಕ್ಕ ಮೊದಲೇ ಮಾಡಿಟ್ಟಿದ್ರು, ಸೋತ್ರೂ ಬಡಿಸಿದ್ರು.)

64-50. ಫೋನಲ್ಲಿ ನೋಡ್ತೀನಿ ಅಂದಿದ್ದವಳು ಎರಡನೇ ಕ್ವಾರ್ಟರ್‌ಗೇ ಗಂಟಲು ಕಟ್ಟಿಸ್ಕೊಂಡಿದ್ದಳು. ಆ ಬೃಹತ್ ಸ್ಟೇಡಿಯಮ್ಮಿನ ಒಂದು ಮೂಲೇಲಿ ನಮ್ಮೂರೆಲ್ಲ ಒತ್ತೊತ್ತಾಗಿ ಕೂತಿತ್ತು, ಉಳಿದದ್ದೆಲ್ಲ ಖಾಲಿ. ಆಟ ಮುಗಿದಾಗ ನಮ್ಮ ಹುಡುಗರು ಹುಲ್ಲಿನ ಮೇಲೆ ಮಕಾಡೆ ಬಿದ್ದುಬಿಟ್ರು. ಮಗ ಒಬ್ಬೊಬ್ಬನ ಹತ್ರ ಹೋಗಿ ಬಾಟಲಿ ಇಟ್ಟು, ಏನೂ ಮಾತಾಡದೆ ಮುಂದೆ ಹೋಗ್ತಿದ್ದ. ಅದನ್ನ ಅವನಿಗೆ ಯಾರು ಹೇಳಿಕೊಟ್ರೋ.

ರಾತ್ರಿ 11ಕ್ಕೆ ಹೈವೇ ಬಿಟ್ಟು ಊರ ಕಡೆ ತಿರುಗಿದ್ರೆ, ಫೈರ್ ಎಂಜಿನ್ ಕೆಂಪು ದೀಪ ಹಾಕ್ಕೊಂಡು ಕಾಯ್ತಾ ನಿಂತಿತ್ತು. ಬಸ್ಸನ್ನ ಶಾಲೆವರೆಗೂ ಕರ್ಕೊಂಡು ಹೋಯ್ತು.

ಇವತ್ತು ಬೆಳಿಗ್ಗೆ ಜಿನ್ನು ಶುರುವಾಗಿದೆ. ಡೀಸೆಲ್ ಹಾಕ್ಸೋಕೆ ಬಂಕಿಗೆ ಹೋದೆ. ಗಾಜಿನ ಮೇಲಿನ ನಂಬರು ಯಾರೂ ಒರೆಸಿಲ್ಲ. ಕೆಳಗೆ ಮೂಲೇಲಿ, ನಂಬರಿಲ್ಲದೆ, ನನ್ನ ಮಗನ ಹೆಸರು. ಸೋಮವಾರ ನಾನು ನೋಡಿರಲೇ ಇಲ್ಲ. ಸ್ಪೆಲಿಂಗ್ ತಪ್ಪಿದೆ.